ಕಂಟೇನರ್ ಮನೆಯೋ, ಮಣ್ಣಿನ ಮಾಳಿಗೆಯೋ: ಕುಷ್ಟಗಿ ಸೀಮೆಯ ಹೊಲದಲ್ಲಿ ಒಂದು ಹೋಲಿಕೆ

ಕರೆಂಟಿನ ಕಂಬವಾಗಲಿ ನಲ್ಲಿಯ ಪೈಪಾಗಲಿ ತಲುಪದ ಹೊಲದಲ್ಲಿ ಒಬ್ಬಿಬ್ಬರು ವಾಸಿಸಲು ಕಟ್ಟುವ ಪುಟ್ಟ ಮನೆಯ ಮಾತು ಬಂದಾಗ ಎಲ್ಲರೂ ಮೊದಲು ವಿಚಾರಿಸುವುದು ಮಡಚುವ ಮಂಚ ಮತ್ತು ಗೋಡೆಗೆ ಒರಗಿಸುವ ಮೇಜನ್ನು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ಆ ಮನೆಯನ್ನು ತಂಪಾಗಿಡಲು ದಿನಕ್ಕೆ ಎಷ್ಟು ಯೂನಿಟ್ ವಿದ್ಯುತ್ತು ಮತ್ತು ಎಷ್ಟು ಕೊಡ ನೀರು ಬೇಕು ಎಂಬುದು. ಕುಷ್ಟಗಿ ತಾಲ್ಲೂಕಿನ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಮನೆಗಳಲ್ಲಿ ಬೇಸಿಗೆಯನ್ನೂ ಮಳೆಗಾಲವನ್ನೂ ಕಳೆದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲನೆಯದು 20 ಅಡಿ ಉದ್ದ, 8 ಅಡಿ ಅಗಲದ ಹಳೆಯ ಸರಕು ಕಂಟೇನರ್. ಅದರ ಒಳಮೈಗೆ 2 ಇಂಚು ದಪ್ಪದ ಪಫ್ ಪ್ಯಾನೆಲ್ (ಕಾವು ತಡೆಯುವ ನೊರೆಹಲಗೆ) ಹೊದಿಸಲಾಗಿದೆ. ಎರಡನೆಯದು 16 ಅಡಿಗೆ 10 ಅಡಿಯ ಮಣ್ಣಿನ ಮನೆ. ಹೊಲದ್ದೇ ಕೆಂಪು ಮಣ್ಣಿಗೆ ಮರಳು ಮತ್ತು ನೂರಕ್ಕೆ ಏಳು ಪಾಲಿನಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳ 9 ಇಂಚಿನ ಗೋಡೆ ಅದರದು. ಈ ಬಗೆಯ ಇಟ್ಟಿಗೆ ನಮ್ಮ ರಾಜ್ಯದಲ್ಲಿ ಬಳಕೆಗೆ ಬರಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದ ಕೆಲಸ ಬಹುಮಟ್ಟಿಗೆ ಕಾರಣ. ಇದನ್ನು ಸುಡುವ ಅಗತ್ಯವಿಲ್ಲ, ಆದರೆ ಮೂರು ವಾರವಾದರೂ ನೆರಳಿನಲ್ಲಿಟ್ಟು ನೀರುಣಿಸಬೇಕು. ಚಾವಣಿ ಮಾತ್ರ ಹಳೆಯ ಪದ್ಧತಿಯ ಮಾಳಿಗೆ: ಬೇವಿನ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ ಮತ್ತು ಸೊಪ್ಪು, ಎಲ್ಲಕ್ಕಿಂತ ಮೇಲೆ ಅರ್ಧ ಅಡಿ ಸವಳು (ಉಪ್ಪಿನಂಶದ) ಮಣ್ಣು.

ಹೊರಗಿನಿಂದ ಅಳೆದರೆ ಎರಡೂ 160 ಚದರ ಅಡಿಯೇ. ಒಳಗೆ ಕಂಟೇನರಿನಲ್ಲಿ ಸುಮಾರು 139 ಚದರ ಅಡಿ ಉಳಿದರೆ, ಮಣ್ಣಿನ ಮನೆಯಲ್ಲಿ ಉಳಿಯುವುದು 123 ಮಾತ್ರ. ಲೆಕ್ಕದಲ್ಲಿ ಕಂಟೇನರ್ ಗೆದ್ದರೂ ಬಳಕೆಯಲ್ಲಿ ಆ ಅಂತರ ಕಾಣುವುದಿಲ್ಲ. ದಪ್ಪ ಗೋಡೆಯಲ್ಲಿ ಮಾಡಗಳನ್ನು ಬಿಡಿಸಿದ್ದರಿಂದ ದೀಪ, ಪುಸ್ತಕ, ಡಬ್ಬಿಗಳಿಗೆ ಕಪಾಟು ಬೇಕಾಗಲಿಲ್ಲ. ಮೊಸರು ಬೆಣ್ಣೆಗಳು ನೆಲುವಿಗೇರಿದವು. ಬಾಗಿಲ ಮುಂದಿನ ಕಲ್ಲಿನ ಕಟ್ಟೆ ಹಗಲಿನ ಕೋಣೆಯಾಯಿತು. ಕಂಟೇನರಿನಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಪ್ಯಾನೆಲ್ ತೂತಾಗುತ್ತದೆ, ಮತ್ತು ಏಳೂಕಾಲು ಅಡಿಯ ಅಗಲದಲ್ಲಿ ಮಂಚ ಬಿಡಿಸಿದರೆ ಓಡಾಡಲು ಉಳಿಯುವುದು ಒಂದು ಓಣಿ.

ಸೆಕೆಯ ವಿಷಯ ಇಷ್ಟು ಸರಳವಲ್ಲ. ಏಪ್ರಿಲ್ ಮಧ್ಯಾಹ್ನ ಕಿಟಕಿ ಮುಚ್ಚಿದ ಕಂಟೇನರಿನ ಒಳಗೆ ಹೊರಗಿಗಿಂತಲೂ ಹೆಚ್ಚು ಬಿಸಿಯಾಗುತ್ತದೆ. ಪಫ್ ಹೊರಗಿನ ಕಾವನ್ನು ತಡೆಯುತ್ತದೆ ನಿಜ, ಆದರೆ ಮೈಯಿಂದ, ಒಲೆಯಿಂದ, ಕಿಟಕಿಯ ಗಾಜಿನಿಂದ ಒಳಸೇರಿದ ಕಾವನ್ನು ಹೀರಿಕೊಳ್ಳುವ ಗೋಡೆಯೇ ಅಲ್ಲಿಲ್ಲ. ಮಣ್ಣಿನ ಗೋಡೆ ಹೊರಗಿನ ಬಿಸಿಯನ್ನು ಒಳಕ್ಕೆ ದಾಟಿಸಲು ಆರೇಳು ತಾಸು ತೆಗೆದುಕೊಳ್ಳುವುದರಿಂದ ಮಧ್ಯಾಹ್ನ ಮೂರರವರೆಗೂ ಒಳಗೆ ಆರಾಮವಾಗಿ ಕುಳಿತು ಬರೆಯಬಹುದು. ಇದರ ದಂಡವನ್ನು ರಾತ್ರಿ ತೆರಬೇಕು: ಹಗಲೆಲ್ಲ ಹೀರಿದ ಕಾವನ್ನು ಗೋಡೆ ಒಂಬತ್ತರಿಂದ ನಡುರಾತ್ರಿಯವರೆಗೆ ಒಳಗೆ ಬಿಡುತ್ತದೆ, ಅದೇ ಹೊತ್ತಿಗೆ ಬಾಗಿಲು ಕಿಟಕಿ ತೆರೆದ ಕಂಟೇನರ್ ಬೇಗನೆ ತಣಿದಿರುತ್ತದೆ. ಮಣ್ಣಿನ ಮನೆಯನ್ನು ಹೊಗಳುವವರು ಈ ಮಾತನ್ನು ಹೇಳುವುದೇ ಇಲ್ಲ. ನಮ್ಮ ಹಿರಿಯರು ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುತ್ತಿದ್ದುದು ಗಾಳಿಯ ಸುಖಕ್ಕಷ್ಟೇ ಅಲ್ಲ, ಕೆಳಗೆ ನಿದ್ದೆ ಬರುತ್ತಿರಲಿಲ್ಲ. ಹಾಗಾಗಿ ಹತ್ತಲು ಮೆಟ್ಟಿಲಿಲ್ಲದ ಮಣ್ಣಿನ ಮನೆಯನ್ನು ನಾನು ಅರ್ಧ ಮನೆಯೆಂದೇ ಎಣಿಸುತ್ತೇನೆ.

ಈ ಸೆಕೆಯೇ ಸೋಲಾರಿನ ಖರ್ಚನ್ನು ನಿರ್ಧರಿಸುತ್ತದೆ. ಮಣ್ಣಿನ ಮನೆಗೆ ಕಡಿಮೆ ಕರೆಂಟು ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಸಾಕು. ಅದು ಹದಿನಾರು ತಾಸು ತಿರುಗಿದರೂ ಅರ್ಧ ಯೂನಿಟ್ ಮುಟ್ಟುವುದಿಲ್ಲ. ಕಂಟೇನರಿಗೆ ಎ.ಸಿ. ಹಾಕಿದರೆ, ಒಂದು ಟನ್ನಿನ ಯಂತ್ರ ಸರಾಸರಿ 800 ವ್ಯಾಟ್ ಎಳೆದರೂ ಎಂಟು ತಾಸಿಗೆ ಆರು ಯೂನಿಟ್ ದಾಟುತ್ತದೆ. ಅಷ್ಟಕ್ಕೆ ಎರಡು ಕಿಲೋವ್ಯಾಟಿನ ಫಲಕಗಳು ಬೇಕು, ರಾತ್ರಿಯೂ ಓಡಿಸುವುದಾದರೆ ಮನೆಯ ಬೆಲೆಯನ್ನೇ ಕೇಳುವ ಬ್ಯಾಟರಿ ಬೇಕು. ಫಲಕಗಳೂ ಕಾದಂತೆ ಸೊರಗುತ್ತವೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.4ರಷ್ಟು ಇಳುವರಿ ಕಡಿಮೆಯಾಗುತ್ತದೆ. ನಮ್ಮ ಒಣ ಹವೆಯಲ್ಲಿ ಏರ್ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕರೆಂಟನ್ನೂ ಕಡಿಮೆ ಬಳಸುತ್ತದೆ. ಆದರೆ ಅದು ದಿನಕ್ಕೆ ಹೀರುವ ನೀರಿನಲ್ಲಿ ಒಬ್ಬನ ಸ್ನಾನ, ಅಡುಗೆ ಎರಡೂ ಮುಗಿಯಬಹುದು.

ನೀರಿನ ಮಾತಿನಲ್ಲಿ ಮಾತ್ರ ಕಂಟೇನರಿನ ತಗಡು ಚಾವಣಿ ನಿಸ್ಸಂದೇಹವಾಗಿ ಮುಂದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಭಾಗದಲ್ಲಿ 15 ಚದರ ಮೀಟರಿನ ಚಾವಣಿಯಿಂದ, ಸೋರಿ ಹೋಗುವುದನ್ನು ಬಿಟ್ಟರೂ, ಏಳು ಸಾವಿರ ಲೀಟರ್ ಹಿಡಿಯಬಹುದು. ದಿನಕ್ಕೆ 20 ಲೀಟರಿನಂತೆ ಕುಡಿಯಲು ಮತ್ತು ಅಡುಗೆಗೆ ಹೆಚ್ಚುಕಡಿಮೆ ವರ್ಷವಿಡೀ ಒದಗುವ ನೀರದು. ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಈ ಲೆಕ್ಕಕ್ಕೆ ತೂಕವಿದೆ. ಸವಳು ಮಣ್ಣಿನ ಮಾಳಿಗೆಯಿಂದ ಬರುವುದು ರಾಡಿ ನೀರು. ಅದನ್ನು ಗಿಡಕ್ಕೆ ಬಿಡಬಹುದಷ್ಟೆ. ಜೊತೆಗೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯಬೇಕು. ಅರ್ಧ ಅಡಿ ಮಣ್ಣು ಚದರ ಮೀಟರಿಗೆ ಕಾಲು ಟನ್ ತೂಗುವುದರಿಂದ ಹಳೆಯ ಮಣ್ಣನ್ನು ಕೆರೆಯದೆ ಹೊಸದನ್ನೇ ಏರಿಸುತ್ತ ಹೋದರೆ ತೊಲೆ ಬಾಗುತ್ತದೆ ಎಂದು ಗೌಂಡಿ ಮೊದಲೇ ಎಚ್ಚರಿಸಿದ್ದರು.

ಈಗ ಮಾಳಿಗೆಯ ಅರ್ಧಕ್ಕೆ, ಮೂರಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ದಕ್ಷಿಣಕ್ಕೆ 15 ಡಿಗ್ರಿ ವಾಲಿದ ತಗಡು ಹಾಕಿಸಿದ್ದೇನೆ. ಫಲಕಗಳು ಅದರ ಮೇಲೆ ಕುಳಿತಿವೆ, ಮಳೆನೀರು ಅದರಿಂದ ತೊಟ್ಟಿಗೆ ಇಳಿಯುತ್ತದೆ, ಕೆಳಗಿನ ಮಣ್ಣಿಗೆ ನೆರಳಾಗಿ ರಾತ್ರಿಯ ಕಾವೂ ತಗ್ಗಿದೆ. ಉಳಿದರ್ಧ ಹಾಸಿಗೆ ಹಾಸಲು ಬಯಲಾಗಿದೆ. ಬ್ಯಾಟರಿಯನ್ನು ಮನೆಯೊಳಗೆ ಅತ್ಯಂತ ತಂಪಾದ ಉತ್ತರದ ಗೋಡೆಯ ಮಗ್ಗುಲಲ್ಲಿಟ್ಟಿದ್ದೇನೆ.

ಹೀಗೆಂದು ಎಲ್ಲ ಹೊಲಕ್ಕೂ ಮಣ್ಣಿನ ಮನೆಯನ್ನೇ ಹೇಳಲಾರೆ. ಎರೆ (ಕಪ್ಪು ಮಣ್ಣಿನ) ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಗಟ್ಟಿ ನೆಲ ಸಿಗುವವರೆಗೆ ತಳಪಾಯ ಅಗೆಯಬೇಕು, ಇಟ್ಟಿಗೆಗೆ ಮಣ್ಣನ್ನೂ ಹೊರಗಿನಿಂದ ತರಿಸಬೇಕು, ಶೌಚದ ಇಂಗುಗುಂಡಿಯೂ ಬೇಗನೆ ನೀರು ಹೀರುವುದಿಲ್ಲ. ಖಾಲಿ ಕಂಟೇನರಿನ ತೂಕ ಎರಡೂಕಾಲು ಟನ್ನಿನಷ್ಟೇ ಆದ್ದರಿಂದ ಅದು ಕೆಲವೇ ಕಂಬಗಳ ಮೇಲೆ ನಿಲ್ಲುತ್ತದೆ, ಒಂದು ಮೂಲೆ ಕುಸಿದರೆ ಜ್ಯಾಕ್ ಕೊಟ್ಟು ಎತ್ತಬಹುದು. ಎರೆ ಹೊಲದವರಿಗೆ ಮತ್ತು ಲಾವಣಿಗೆ (ಗೇಣಿಗೆ) ಹೊಲ ಹಿಡಿದವರಿಗೆ ನಾನು ಕಂಟೇನರನ್ನೇ ಸೂಚಿಸುತ್ತೇನೆ, ಅದರ ಮೇಲೊಂದು ಚಪ್ಪರ ಹಾಕಿಸುವ ಷರತ್ತಿನ ಮೇಲೆ.