ಘಟ್ಟ ಇಳಿಯುವ ಮೊದಲು ಒಳಗಿನ ಪ್ಯಾಡ್ ಅಳೆಸಿ: ಮೋಟರ್‌ಹೋಮ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಕಳೆದ ನವೆಂಬರಿನಲ್ಲಿ ಶಿರಸಿಯಿಂದ ಕುಮಟೆಗೆ ಹೋಗುವಾಗ, ದೇವಿಮನೆ ಘಟ್ಟವನ್ನು ಅರ್ಧ ಇಳಿದಿರುವಷ್ಟರಲ್ಲಿ, ನಮ್ಮ ಮೋಟರ್‌ಹೋಮಿನ ಬ್ರೇಕ್ ಪೆಡಲ್ ಏನೂ ತಡೆಯಿಲ್ಲದೆ ತಳಕ್ಕೆ ಹೋಗಿ ಕುಳಿತಿತು. ಗೇರನ್ನು ಎರಡಕ್ಕೆ, ಮತ್ತೆ ಒಂದಕ್ಕೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ಕೊನೆಗೆ ಗಾಡಿಯ ಎಡಮಗ್ಗುಲನ್ನು ಗುಡ್ಡದ ಕಡೆಯ ಧರೆಗೆ ಉಜ್ಜಿ ನಿಲ್ಲಿಸಿದೆ. ಒಳಗಿದ್ದ ಹೆಂಡತಿ ಮಕ್ಕಳಿಗೆ ಏನೂ ಆಗಲಿಲ್ಲ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಒಳಗಿನಿಂದಲೂ ಹೊರಗಿನಿಂದಲೂ ಒತ್ತಿ ತಡೆಯುವ ಬ್ರೇಕ್ ಪ್ಯಾಡ್ ಬದಲಿಸುವ ಕಾಲ ಬಂದಿದೆಯೇ ಎಂಬುದನ್ನು ನಾನು ತಪ್ಪು ಲೆಕ್ಕದಿಂದ ತೀರ್ಮಾನಿಸಿದ್ದೇ ಇದಕ್ಕೆ ಕಾರಣವಾದ್ದರಿಂದ, ಆ ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಬರೆಯುತ್ತಿದ್ದೇನೆ.

ನಮ್ಮದು ಹಳೆಯ ವ್ಯಾನಿನೊಳಗೆ ಮಂಚ, ಒಲೆ, ಬ್ಯಾಟರಿ, 120 ಲೀಟರಿನ ನೀರಿನ ಟ್ಯಾಂಕು ಕಟ್ಟಿಸಿಕೊಂಡ ಗಾಡಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್ ಬ್ರೇಕ್. ವರ್ಷಕ್ಕೆ ಮೂರೋ ನಾಲ್ಕೋ ಪ್ರವಾಸ ಬಿಟ್ಟರೆ ಅದು ನಿಂತೇ ಇರುತ್ತದೆ. ಆ ಮಳೆಗಾಲವನ್ನು ಅದು ಕುಮಟೆಯಲ್ಲಿ, ಸಮುದ್ರಕ್ಕೆ ಹತ್ತಿರವಿರುವ ಭಾವನವರ ತೆಂಗಿನ ತೋಟದ ಮಾಡಿನಡಿ ಕಳೆಯಿತು. ಅಕ್ಟೋಬರಿನಲ್ಲಿ ಹೊರತೆಗೆದು ಶಿರಸಿಗೆ ತಂದಾಗ ಮುಂದಿನ ಚಕ್ರದಿಂದ ಕೀರಲು ಸದ್ದು ಬರುತ್ತಿತ್ತು. ನಿಂತ ಗಾಡಿಯ ಡಿಸ್ಕಿಗೆ ಹಿಡಿದ ತುಕ್ಕು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ, ಸದ್ದೂ ಅದರೊಂದಿಗೆ ನಿಲ್ಲುತ್ತದೆ. ನಮ್ಮ ಗಾಡಿಯ ಸದ್ದು ವಾರವಾದರೂ ನಿಲ್ಲಲಿಲ್ಲ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕೀರಲೆಂದೇ ಅದರಲ್ಲಿ ಒಂದು ತಗಡು ಇರುತ್ತದೆಂಬುದು ನನಗೆ ಗೊತ್ತಿದ್ದೂ, ಮಳೆಗಾಲದ ತುಕ್ಕೆಂದು ಸಮಾಧಾನ ಹೇಳಿಕೊಂಡೆ. ಬ್ರೇಕ್ ಆಯಿಲಿನ ಡಬ್ಬಿಯಲ್ಲೂ ಮಟ್ಟ ಇಳಿದಿತ್ತು. ಪ್ಯಾಡ್ ಸವೆದಂತೆಲ್ಲ, ಅವನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಂಬ ಹಿಡಿಕೆಯ ಪಿಸ್ಟನ್ ಹೊರಗೆ ಸರಿಯುತ್ತದೆ, ಅದರ ಹಿಂದಿನ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ಆ ಸೂಚನೆಯನ್ನು ನಾನು ಹೊಸ ಆಯಿಲ್ ಸುರಿದು ಕೈಯಾರೆ ಅಳಿಸಿಹಾಕಿದೆ.

ಆದರೂ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಚಕ್ರ ಬಿಚ್ಚದೆ, ರಿಮ್ಮಿನ ಸಂದಿಯಲ್ಲಿ ಟಾರ್ಚ್ ಬಿಟ್ಟು, "ಇನ್ನೂ ಅರ್ಧ ಇದೆ ಹೆಗಡೇರೇ, ಈಗಲೇ ಯಾಕೆ ಖರ್ಚು?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಹೊರಗಿನ ಪ್ಯಾಡ್ ನಿಜಕ್ಕೂ ಅರ್ಧ ಇತ್ತು. ಪ್ಯಾಡ್ ಹಾಕಿಸಿ ಓಡಿದ್ದು ಬರೀ 11,000 ಕಿಲೋಮೀಟರ್ ಆಗಿದ್ದರಿಂದ ನನಗೂ ಆ ಮಾತೇ ಬೇಕಾಗಿತ್ತು. ಆದರೆ ಉಪ್ಪುಗಾಳಿಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳು ತುಕ್ಕು ಹಿಡಿದು ಬಿಗಿದಿದ್ದವು. ಹಾಗಾದಾಗ ಪಿಸ್ಟನ್ ಕಡೆಯ ಒಳ ಪ್ಯಾಡ್ ಮಾತ್ರ ಡಿಸ್ಕಿಗೆ ಒತ್ತಿಕೊಂಡೇ ಇದ್ದು ಸವೆಯುತ್ತದೆ, ಹೊರಗಿನದು ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಬಿಚ್ಚಿಸಿದಾಗ ಎಡಚಕ್ರದ ಹೊರಗಿನ ಪ್ಯಾಡ್ 6 ಮಿಲಿಮೀಟರ್ ಇತ್ತು, ಒಳಗಿನದರಲ್ಲಿ 1 ಮಿಲಿಮೀಟರ್ ಕೂಡ ಉಳಿದಿರಲಿಲ್ಲ.

ಅಕ್ಟೋಬರಿನಲ್ಲಿ ಕುಮಟೆಯಿಂದ ಘಟ್ಟ ಹತ್ತುವಾಗ ಇದ್ಯಾವುದೂ ತಿಳಿಯಲಿಲ್ಲ, ಹತ್ತುವ ಗಾಡಿಗೆ ಬ್ರೇಕಿನ ಕೆಲಸವೇ ಇಲ್ಲವಲ್ಲ. ಇಳಿಯುವಾಗಿನ ಲೆಕ್ಕವನ್ನು ನಾನು ಆಮೇಲೆ ಕೂತು ಮಾಡಿದೆ: ತುಂಬಿದ ಟ್ಯಾಂಕು, ಸಾಮಾನು, ಜನ ಸೇರಿ ನಾಲ್ಕು ಟನ್ ತೂಗುವ ಗಾಡಿ 500 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ 60 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು, ಅಂದರೆ ನಮ್ಮ ಬಚ್ಚಲಿನ ದೊಡ್ಡ ಹಂಡೆಯ ನೀರು. ಎಂಜಿನ್ ಮತ್ತು ಗಾಳಿ ಅದರಲ್ಲಿ ಪಾಲು ತೆಗೆದುಕೊಳ್ಳುತ್ತವೆ, ಆದರೆ ಮೂರನೆಯ ಗೇರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬಹುಪಾಲು ಡಿಸ್ಕು, ಡ್ರಮ್ಮುಗಳಿಗೇ ಹೋಗುತ್ತದೆ. ನಾನು ಮಾಡಿದ್ದೂ ಅದನ್ನೇ.

ಇಲ್ಲಿ ನನಗೆ ಗೊತ್ತಿಲ್ಲದಿದ್ದ ಸಂಗತಿಯೊಂದಿತ್ತು. ಪ್ಯಾಡಿನ ದಪ್ಪವೆಂದರೆ ಇನ್ನೆಷ್ಟು ದಿನ ಬಾಳುತ್ತದೆ ಎಂಬ ಅಳತೆ ಮಾತ್ರವೆಂದು ತಿಳಿದಿದ್ದೆ. ಆದರೆ ಡಿಸ್ಕಿನ ಬೆಂಕಿಯಂಥ ಶಾಖ ಪಿಸ್ಟನ್ನಿಗೂ ಅದರ ಹಿಂದಿನ ಆಯಿಲಿಗೂ ತಲುಪದಂತೆ ತಡೆಯುವುದೂ ಆ ದಪ್ಪವೇ. ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಅದರಲ್ಲೂ ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ನೀರು ಸೇರಿದ ಆಯಿಲಿಗೆ ಆ ಮಿತಿ 155 ಮಾತ್ರ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ, ಕಾಲಿನ ಒತ್ತಡವೆಲ್ಲ ಗುಳ್ಳೆಗಳನ್ನು ಅಮುಕುವುದರಲ್ಲೇ ಮುಗಿಯುತ್ತದೆ, ಪೆಡಲ್ ತಳ ಮುಟ್ಟುತ್ತದೆ. ಅದಕ್ಕೆ ಮೊದಲು ಒಂದೆರಡು ತಿರುವುಗಳಲ್ಲಿ ಸುಟ್ಟ ವಾಸನೆ ಬಂದಿತ್ತು. ಮುಂದಿನ ಲಾರಿಯದಿರಬೇಕೆಂದುಕೊಂಡೆ.

ನಿಂತ ಮೇಲೆ ನನ್ನ ಹೆಂಡತಿ ಗಾಬರಿಯಲ್ಲಿ ಹೊಗೆಯಾಡುವ ಚಕ್ರಕ್ಕೆ ಕೊಡದಿಂದ ನೀರು ಹೊಯ್ಯಲು ಹೋದಳು. ಹಿಂದಿನಿಂದ ಬಂದ ಲಾರಿಯ ಡ್ರೈವರ್ "ಬೇಡ ಅಕ್ಕಾ, ಡಿಸ್ಕ್ ಬಿರಿದು ಹೋಗ್ತದೆ" ಎಂದು ತಡೆದರು. ಚಕ್ರಕ್ಕೆ ಕಲ್ಲು ಕೊಟ್ಟು ತಾನಾಗಿ ಆರಲು ಬಿಡಿಸಿದರು. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ಅವರು ನನಗೆ ಹೇಳಿದ್ದನ್ನು, ಘಟ್ಟದ ಮೇಲೆಯೇ ಹುಟ್ಟಿ ಬೆಳೆದ ನಾನು, ತಲೆತಗ್ಗಿಸಿಕೊಂಡು ಕೇಳಿದೆ.

ಆದ್ದರಿಂದ ಇಂಥ ಗಾಡಿ ಇರುವವರಲ್ಲಿ ನನ್ನ ವಿನಂತಿಯೆಂದರೆ, ಓಡಿದ ಕಿಲೋಮೀಟರನ್ನು ನಂಬಬೇಡಿ, ಹೊರಗಿನಿಂದ ಇಣುಕಿ ನೋಡಿದ್ದನ್ನು ಒಪ್ಪಬೇಡಿ. ಮಳೆಗಾಲ ಮುಗಿದ ಕೂಡಲೇ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡನ್ನು ಉಕ್ಕಿನ ಹಿಂಬದಿ ತಗಡನ್ನು ಬಿಟ್ಟು ಅಳೆಸಿ, ಪಿನ್ನುಗಳು ಕೈಯಿಂದ ಜಾರುತ್ತವೆಯೇ ಎಂಬುದನ್ನು ನಿಮ್ಮೆದುರಿಗೇ ತೋರಿಸಲು ಹೇಳಿ. ಸಾಮಾನ್ಯ ಕಾರಿಗೆ 3 ಮಿಲಿಮೀಟರ್ ತಲುಪಿದಾಗ ಬದಲಿಸಿ ಎನ್ನುತ್ತಾರೆ. ಭಾರ ಹೊತ್ತು ದೇವಿಮನೆಯನ್ನೋ ಅರಬೈಲನ್ನೋ ಇಳಿಯಬೇಕಾದ ಗಾಡಿಗೆ ನಾನು 4ಕ್ಕೇ ಬದಲಿಸುತ್ತೇನೆ, ಅದೂ ಎರಡೂ ಕಡೆಯ ಚಕ್ರಗಳಿಗೆ ಒಟ್ಟಿಗೆ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ, ಅದನ್ನೂ ನೋಡಿಸಿ. ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಸಿ ಹೊಸದು ಹಾಕಿಸಿ.

ಹೊಸ ಪ್ಯಾಡ್ ಹಾಕಿಸಿದ ಮರುದಿನವೇ ಘಟ್ಟ ಇಳಿಯಲು ಹೊರಡುವುದೂ ಸರಿಯಲ್ಲ, ಡಿಸ್ಕಿಗೆ ಅದು ಹೊಂದಿಕೊಳ್ಳಲು ಮುನ್ನೂರು ಕಿಲೋಮೀಟರಿನಷ್ಟು ಮೃದುವಾದ ಓಟ ಬೇಕು. ನಾನು ಟ್ಯಾಂಕನ್ನು ಖಾಲಿಮಾಡಿ ವಾರವಿಡೀ ಶಿರಸಿಯಿಂದ ಬನವಾಸಿಗೆ ಹೋಗಿ ಬಂದೆ, ಭಾವನವರ ಮನೆಗೆ ಆ ತಿಂಗಳು ಬಸ್ಸಿನಲ್ಲೇ ಇಳಿದೆ.