ಕಾಸರಗೋಡಿನಿಂದ ಕಾಸರಗೋಡಿಗೆ ಒಂದೇ ಟಿಕೆಟ್: ರೈಲ್ವೆಯ ಸರ್ಕ್ಯುಲರ್ ಟಿಕೆಟ್ ಯಾರಿಗೆ ಲಾಭ?

ಕೌಂಟರಿನಲ್ಲಿ ‘ಎಲ್ಲಿಗೆ?’ ಎಂದು ಕೇಳಿದರೆ ‘ಕಾಸರಗೋಡಿಗೇ’ ಎಂದು ಕಾಸರಗೋಡು ಸ್ಟೇಷನ್ನಿನಲ್ಲೇ ನಿಂತು ಹೇಳಬಹುದಾದ ಟಿಕೆಟ್ ಒಂದುಂಟು. ಹೆಸರು ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ಊರಿಗೇ ಬಂದು ಮುಗಿಯಬೇಕು, ಹೋದ ದಾರಿಯಲ್ಲೇ ಹಿಂದೆ ಬರಬಾರದು, ನಡುವೆ ಗರಿಷ್ಠ 8 ಕಡೆ ಇಳಿದು ತಂಗಬಹುದು. ಇದು ಐಆರ್‌ಸಿಟಿಸಿ ಜಾಲತಾಣದಲ್ಲೂ ಇಲ್ಲ, ಆ್ಯಪಿನಲ್ಲೂ ಇಲ್ಲ. ಹಾಗಾಗಿ ರಜೆಯಲ್ಲಿ ಊರೂರು ಸುತ್ತುವವರಲ್ಲಿ ಹೆಚ್ಚಿನವರಿಗೆ ಇದರ ಹೆಸರೇ ಗೊತ್ತಿಲ್ಲ. ಟಿಕೆಟ್ ಒಳ್ಳೆಯದೇ, ಆದರೆ ಎಲ್ಲರಿಗೂ ಅಲ್ಲ. ಸ್ಲೀಪರ್ ದರ್ಜೆಯಲ್ಲಿ ಐದಾರು ಊರು ನೋಡುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಹಗಲಿನಲ್ಲಿ ಜನರಲ್ ಬೋಗಿಯಲ್ಲಿ ಕೂತು ಹೋಗುವವರಿಗೆ ಇದರ ಗೊಡವೆ ಬೇಡ.

ನಮ್ಮ ಕಾಸರಗೋಡಿನ ಅದೃಷ್ಟವೆಂದರೆ ಹಳಿಗಳೇ ಇಲ್ಲಿಂದ ಒಂದು ಚಂದದ ವೃತ್ತ ಹಾಕಿಕೊಟ್ಟಿವೆ. ಮಂಗಳೂರು ಜಂಕ್ಷನ್, ಸುಬ್ರಹ್ಮಣ್ಯ ರೋಡ್, ಸಕಲೇಶಪುರ, ಹಾಸನ, ಮೈಸೂರು, ಬೆಂಗಳೂರು, ಧರ್ಮಪುರಿ ದಾರಿಯಾಗಿ ಸೇಲಂ, ಈರೋಡ್, ಕೊಯಮತ್ತೂರು, ಪಾಲಕ್ಕಾಡ್, ಶೊರ್ನೂರು, ಕೋಝಿಕ್ಕೋಡ್, ಕಣ್ಣೂರು, ಮತ್ತೆ ಕಾಸರಗೋಡು. ಒಟ್ಟು ಸುಮಾರು 1200 ಕಿ.ಮೀ. ಘಟ್ಟ, ಕಾಫಿ ತೋಟ, ಬಯಲುಸೀಮೆ, ಪಾಲಕ್ಕಾಡಿನ ಗದ್ದೆ, ಕಡಲ ಕರೆ, ಮೂರು ರಾಜ್ಯ.

ಇದರಲ್ಲಿ ದುಡ್ಡು ಎಲ್ಲಿ ಉಳಿಯುತ್ತದೆ? ರೈಲ್ವೆಯ ದರಪಟ್ಟಿಯಲ್ಲಿ ಎರಡು ಸೂತ್ರಗಳಿವೆ. ಒಂದು, ದೂರ ಹೆಚ್ಚಿದಷ್ಟೂ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ. ಎರಡು, ಸ್ಲೀಪರಿನಲ್ಲಿ ಎಷ್ಟೇ ಹತ್ತಿರ ಹೋದರೂ ಕನಿಷ್ಠ 200 ಕಿ.ಮೀ. ದರ ಕೊಡಬೇಕು, ಥರ್ಡ್ ಎಸಿಯಲ್ಲಿ 300. ಈಗ ಮೇಲಿನ ದಾರಿಯನ್ನು ತುಂಡು ತುಂಡಾಗಿ ಸ್ಲೀಪರಿನಲ್ಲಿ ಬುಕ್ ಮಾಡಿ ನೋಡಿ. ಕಾಸರಗೋಡು–ಸುಬ್ರಹ್ಮಣ್ಯ ರೋಡ್, ಅಲ್ಲಿಂದ ಹಾಸನ, ಹಾಸನ–ಮೈಸೂರು (119 ಕಿ.ಮೀ.), ಮೈಸೂರು–ಬೆಂಗಳೂರು (139), ಕೊಯಮತ್ತೂರು–ಶೊರ್ನೂರು, ಶೊರ್ನೂರು–ಕೋಝಿಕ್ಕೋಡ್ (86), ಕೋಝಿಕ್ಕೋಡ್–ಕಾಸರಗೋಡು: ಈ ಏಳೂ 200ರ ಒಳಗೆ, ಆದರೆ ಏಳಕ್ಕೂ 200ರ ದರ. ಬೆಂಗಳೂರು–ಕೊಯಮತ್ತೂರು ಮಾತ್ರ 380ರ ಆಸುಪಾಸು. ಅಂದರೆ ಓಡುವುದು 1200, ದುಡ್ಡು ಕೊಡುವುದು ಹತ್ತಿರ ಹತ್ತಿರ 1780 ಕಿ.ಮೀ.ಗೆ. ಥರ್ಡ್ ಎಸಿಯಲ್ಲಾದರೆ 2480 ಆಗುತ್ತದೆ, ದುಪ್ಪಟ್ಟಿಗಿಂತ ಹೆಚ್ಚು! ಸರ್ಕ್ಯುಲರ್ ಟಿಕೆಟಿನಲ್ಲಿ ಒಟ್ಟು ದೂರವನ್ನು ಎರಡು ಪಾಲು ಮಾಡಿ, 600 ಕಿ.ಮೀ.ಯ ಎರಡು ಒಮ್ಮುಖ ಪ್ರಯಾಣ ಎಂದು ಹಿಡಿಯುತ್ತಾರೆ. ಕನಿಷ್ಠ ದೂರದ ಪೆಟ್ಟು ಪೂರ್ತಿ ತಪ್ಪಿತು, ಕಿಲೋಮೀಟರಿನ ದರವೂ ಇಳಿಯಿತು.

ಹಾಗಂತ ಥರ್ಡ್ ಎಸಿಗೆ ಆಸೆಪಟ್ಟು ಕೈ ಸುಟ್ಟುಕೊಳ್ಳಬೇಡಿ. ಇಡೀ ಟಿಕೆಟಿಗೆ ದರ್ಜೆ ಒಂದೇ. ಹಾಸನ–ಮೈಸೂರಿನಂಥ ತುಂಡು ದಾರಿಯಲ್ಲಿ ನಿಮ್ಮ ಹೊತ್ತಿಗೆ ಸಿಗುವುದು ಪ್ಯಾಸೆಂಜರ್ ಗಾಡಿ. ಅದರಲ್ಲಿ ಎಸಿ ಬೋಗಿ ಎಲ್ಲಿಂದ ಬರಬೇಕು? ಎಸಿ ದರ ಕೊಟ್ಟು ಮರದ ಸೀಟಿನಲ್ಲಿ ಕೂತ ಹಾಗೆ. ಸ್ಲೀಪರ್ ತೆಗೆದುಕೊಂಡರೆ ಈ ನಷ್ಟ ಚಿಕ್ಕದು. ಕೊಯಮತ್ತೂರು–ಮಂಗಳೂರು ಇಂಟರ್‌ಸಿಟಿಯಂಥ ಕೂರುವ ಗಾಡಿ ಹಿಡಿದರೂ ಇದೇ ಕತೆ: ಕೆಳ ದರ್ಜೆಯಲ್ಲಿ ಹೋದದ್ದಕ್ಕೆ ದುಡ್ಡು ವಾಪಸ್ ಬರುವುದಿಲ್ಲ. ವಂದೇ ಭಾರತ್ ಈ ಟಿಕೆಟಿಗೆ ಸೇರಿಲ್ಲ. 2023ರ ಏಪ್ರಿಲಿನಲ್ಲಿ ಕೇರಳದ ಮೊದಲ ವಂದೇ ಭಾರತ್ ಓಡಲಿಕ್ಕೆ ಶುರುವಾದದ್ದೇ ಕಾಸರಗೋಡು–ತಿರುವನಂತಪುರ ನಡುವೆ. ಅದು ಎದುರಿಗೇ ಬಂದು ನಿಂತರೂ ಹತ್ತುವ ಹಾಗಿಲ್ಲ.

ಟಿಕೆಟ್ ಪಡೆಯುವ ಕ್ರಮ ಹೀಗೆ. ಮೊದಲು ಒಂದು ಬಿಳಿ ಹಾಳೆಯಲ್ಲಿ ದಾರಿ ಬರೆಯಿರಿ: ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್, ಗಾಡಿ ನಂಬರ್, ದಿನಾಂಕ, ಎಷ್ಟು ದಿನ ತಂಗುವುದು. ಊರ ಹೆಸರಿನ ಪಕ್ಕದಲ್ಲಿ ಸ್ಟೇಷನ್ ಕೋಡ್ ಹಾಕಲೇಬೇಕು. ಮಂಗಳೂರು ಅಂತ ಬರೆದರೆ ಸೆಂಟ್ರಲ್ಲೋ ಜಂಕ್ಷನ್ನೋ ಎಂಬ ಗೊಂದಲ ಕಟ್ಟಿಟ್ಟದ್ದು. ಸೆಂಟ್ರಲ್ಲಿಗೆ ಎಂಎಕ್ಯು, ಜಂಕ್ಷನ್ನಿಗೆ ಎಂಎಜೆಎನ್. ಹಾಸನದ ಕಡೆ ಹೋಗುವವರಿಗೆ ಬೇಕಾದದ್ದು ಜಂಕ್ಷನ್. ಸೆಂಟ್ರಲ್ ಹಳಿ ಮುಗಿಯುವ ಸ್ಟೇಷನ್, ಅಲ್ಲಿಗೆ ಹೋಗಿ ತಿರುಗಿ ಬಂದರೆ ಒಂದೇ ಹಳಿಯಲ್ಲಿ ಎರಡು ಸಲ ಓಡಿದ ಲೆಕ್ಕ ಬಂದು ವೃತ್ತವೇ ಕೆಡುತ್ತದೆ. ಈ ಹಾಳೆಯನ್ನು ಸ್ಟೇಷನ್ನಿನ ಬುಕಿಂಗ್ ಸೂಪರ್‌ವೈಸರಿಗೆ ಕೊಟ್ಟರೆ ಡಿವಿಷನಲ್ ಕಮರ್ಷಿಯಲ್ ಮ್ಯಾನೇಜರ್ ಕಚೇರಿಗೆ ಹೋಗುತ್ತದೆ. ಕಾಸರಗೋಡಿನವರಿಗೆ ಅದು ಪಾಲಕ್ಕಾಡ್ ಡಿವಿಷನ್. ದರ ಲೆಕ್ಕವಾಗಿ ಬಂದ ಮೇಲೆ ಟಿಕೆಟ್ ಕೊಳ್ಳುವುದು, ಆಮೇಲೆ ಆ ಟಿಕೆಟ್ ತೋರಿಸಿ ಒಂದೊಂದು ತುಂಡಿಗೂ ಬರ್ತ್ ಕಾದಿರಿಸುವುದು.

ಹೊಸಬರು ಎಡವುವುದು ಈ ಎರಡನೆಯ ಹೆಜ್ಜೆಯಲ್ಲೇ. ಸರ್ಕ್ಯುಲರ್ ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಇದೆ ಎಂದಲ್ಲ. ಪ್ರತಿ ತುಂಡಿಗೂ ಸ್ಲೀಪರಿಗೆ 20 ರೂಪಾಯಿ ರಿಸರ್ವೇಶನ್ ಶುಲ್ಕ, ಸೂಪರ್‌ಫಾಸ್ಟ್ ಆದರೆ ಇನ್ನೂ 30. ಕೌಂಟರಿನಲ್ಲಿ ಒಬ್ಬರಿಂದ ಒಂದು ಸಲಕ್ಕೆ ಒಂದೇ ಫಾರ್ಮ್ ತೆಗೆದುಕೊಳ್ಳುವುದು ನಿಯಮ. ಒಂದೇ ಪ್ರಯಾಣಿಕರ ಮುಂದುವರಿದ ಪ್ರಯಾಣವಾದರೆ ಎರಡು ಮೂರು ತೆಗೆದುಕೊಳ್ಳುತ್ತಾರೆ. ಒಂದು ಫಾರ್ಮಿನಲ್ಲಿ ಆರು ಹೆಸರು. ಏಳೆಂಟು ಫಾರ್ಮ್ ಹಿಡಿದು ಬೆಳಿಗ್ಗೆ ತತ್ಕಾಲ್ ಸಾಲಿನಲ್ಲಿ ನಿಂತರೆ ಹಿಂದಿನವರ ಬೈಗುಳ ಖಂಡಿತ. ಎಸಿ ತತ್ಕಾಲ್ 10 ಗಂಟೆಗೆ, ಸ್ಲೀಪರ್ 11ಕ್ಕೆ. ಆ ಗಲಾಟೆ ಮುಗಿದ ಮೇಲೆ, ಮಧ್ಯಾಹ್ನ ಹೋಗಿ.

ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನವಿದ್ದದ್ದು 60ಕ್ಕೆ ಇಳಿದಿದೆ. ಮೊದಲ ತುಂಡಿಗೆ ಬುಕಿಂಗ್ ತೆರೆಯುವ ದಿನ, ಒಂಬತ್ತು ದಿನ ಆಚೆಯ ಕೊನೆಯ ತುಂಡಿಗೆ ಇನ್ನೂ ತೆರೆದಿರುವುದಿಲ್ಲ. ದರ ಲೆಕ್ಕವನ್ನು ಅದಕ್ಕೂ ಮೊದಲೇ ಮಾಡಿಸಿಟ್ಟುಕೊಂಡು, 60ನೇ ದಿನ ಕಷ್ಟದ ತುಂಡನ್ನು ಮೊದಲು ಹಿಡಿಯಬೇಕು. ಕಷ್ಟದ್ದು ಯಾವುದು? ಹಾಸನ–ಮಂಗಳೂರು ನಡುವಿನ ಹಗಲು ಗಾಡಿ. ನಡುವಿನ ಸ್ಟೇಷನ್ನಿನಿಂದ ನಡುವಿನ ಸ್ಟೇಷನ್ನಿಗೆ ಬುಕ್ ಮಾಡಿದರೆ ಪೂಲ್ಡ್ ಕೋಟಾದ (ನಡುವಿನ ಹಲವು ಸ್ಟೇಷನ್ನುಗಳಿಗೆ ಒಟ್ಟಾಗಿ ಇಟ್ಟ ಸೀಟುಗಳ) ವೇಟಿಂಗ್ ಲಿಸ್ಟ್ ಸಿಗುವುದು, ಅದು ಕನ್ಫರ್ಮ್ ಆಗುವುದು ಅಪರೂಪ. ಬೇರೆಯವರು ಗಾಡಿ ಹೊರಡುವ ಊರಿನಿಂದಲೇ ಬುಕ್ ಮಾಡಿ ಬೋರ್ಡಿಂಗ್ ಪಾಯಿಂಟ್ ಬದಲಿಸಿಕೊಳ್ಳುತ್ತಾರೆ. ದಾರಿ ಮೊದಲೇ ಗೆರೆ ಕೊರೆದಿಟ್ಟ ನಿಮ್ಮ ಟಿಕೆಟಿನಲ್ಲಿ ಆ ಉಪಾಯ ನಡೆಯುವುದಿಲ್ಲ.

ಆದರೂ ಘಟ್ಟವನ್ನು ಹಗಲಿನಲ್ಲೇ ದಾಟಬೇಕು, ಇದರಲ್ಲಿ ರಾಜಿ ಬೇಡ. ಕಣ್ಣೂರು–ಬೆಂಗಳೂರು ರಾತ್ರಿ ಗಾಡಿ ಕಾಸರಗೋಡಿನಲ್ಲೇ ಸಿಗುತ್ತದೆ, ಆರಾಮವೂ ಹೌದು, ಆದರೆ ಕಿಟಕಿಯಲ್ಲಿ ಕಾಣುವುದು ನಿಮ್ಮದೇ ಮುಖ. ಸುಬ್ರಹ್ಮಣ್ಯ ರೋಡ್–ಸಕಲೇಶಪುರದ 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಮೀಟರ್ ಓಡಿದರೆ 1 ಮೀಟರ್ ಏರುವ ಏರು. ಗಾಡಿ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ತೆವಳುತ್ತದೆ, ಎರಡೂವರೆ ಗಂಟೆ ಹಿಡಿಯುತ್ತದೆ. ಸುರಂಗದ ಕತ್ತಲೆ, ಹೊರಗೆ ಬಂದ ಕೂಡಲೇ ಒಂದು ತೊರೆ, ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮತ್ತೆ ಕತ್ತಲೆ. ಮಳೆಗಾಲದಲ್ಲಿ ಇದೇ ದಾರಿ ಕೈ ಕೊಡುತ್ತದೆ: 2018ರ ಆಗಸ್ಟ್ ಮತ್ತು 2024ರ ಜುಲೈಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತ್ತು. 2025ರಲ್ಲಿ ವಿದ್ಯುದೀಕರಣಕ್ಕಾಗಿ ಹಗಲು ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಹಾಳೆಯಲ್ಲಿ ಗಾಡಿ ನಂಬರ್ ಬರೆಯುವ ಮುಂಚೆ ಅದು ಆ ವಾರ ಓಡುತ್ತದೋ ಎಂದು ನೋಡಿಯೇ ಬರೆಯಿರಿ. ಎಲ್ಲ ಹಗಲು ಗಾಡಿಗಳೂ ದಿನಾ ಓಡುವವಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಟಿಕೆಟನ್ನೇ ಬಿಟ್ಟುಬಿಡುವುದು ಲೇಸು.

ಅವಧಿಯ ವಿಷಯದಲ್ಲಿ ರೈಲ್ವೆ ಸ್ವಲ್ಪ ಜಿಪುಣ. ಓಡಾಟಕ್ಕೆ 400 ಕಿ.ಮೀ.ಗೆ ಒಂದು ದಿನ, ತಂಗಲಿಕ್ಕೆ 200 ಕಿ.ಮೀ.ಗೆ ಒಂದು ದಿನ. 1200 ಕಿ.ಮೀ. ಎಂದರೆ 3 ಮತ್ತು 6, ಒಟ್ಟು 9 ದಿನ. ಎಂಟು ಕಡೆ ಇಳಿಯಬಹುದು ಎಂದು ಎಂಟೂ ಕಡೆ ಇಳಿದರೆ ದಿನಾ ಗಂಟು ಕಟ್ಟುವುದೇ ಕೆಲಸ. ಐದು ಸಾಕು: ಸುಬ್ರಹ್ಮಣ್ಯ, ಹಾಸನ, ಮೈಸೂರು, ಕೊಯಮತ್ತೂರು, ಕೋಝಿಕ್ಕೋಡ್. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ, ಕುಕ್ಕೆಗೆ ಇನ್ನೂ ಸುಮಾರು 12 ಕಿ.ಮೀ. ಹಾಸನದಲ್ಲಿ ಎರಡು ರಾತ್ರಿ ಇಡಿ. ಬೇಲೂರು, ಹಳೇಬೀಡು ಎರಡಕ್ಕೂ ಅಲ್ಲಿಂದ ಬಸ್ಸು ಧಾರಾಳ. ಶ್ರವಣಬೆಳಗೊಳದ ಸ್ಟೇಷನ್ ಇರುವುದು ಹಾಸನ–ಬೆಂಗಳೂರು ನೇರ ಹಳಿಯಲ್ಲಿ, ಮೈಸೂರಿನ ಹಳಿಯಲ್ಲಲ್ಲ. ಅದಕ್ಕೂ ಬಸ್ಸೇ ಗತಿ. ಇಳಿದ ಕಡೆಯಲ್ಲೆಲ್ಲ ಸ್ಟೇಷನ್ ಮಾಸ್ಟರ್ ಅಥವಾ ಟಿಕೆಟ್ ಕಲೆಕ್ಟರ್ ಕೈಯಲ್ಲಿ ಟಿಕೆಟ್ ಹಿಂದೆ ದಿನಾಂಕ ಹಾಕಿಸಿ, ಸಹಿ ಮಾಡಿಸಬೇಕು. ಮಕ್ಕಳು, ಚೀಲ, ಆಟೋ ಎಂಬ ಗಡಿಬಿಡಿಯಲ್ಲಿ ಮರೆಯುವುದು ಇದನ್ನೇ.

ಬೆಂಗಳೂರಿನಲ್ಲಿ ಇಳಿಯದಿದ್ದರೂ ಗಾಡಿ ಬದಲಿಸುವಾಗ ಎಚ್ಚರ. ಮೈಸೂರಿನಿಂದ ಬಂದು ಇಳಿಯುವುದು ಕೆಎಸ್‌ಆರ್ ಸ್ಟೇಷನ್ನಿನಲ್ಲಿ, ಮುಂದಿನ ಗಾಡಿ ಬೈಯಪ್ಪನಹಳ್ಳಿಯ ಎಸ್‌ಎಂವಿಟಿಯಿಂದ ಇದ್ದರೆ ಊರ ಈ ತುದಿಯಿಂದ ಆ ತುದಿ. ನಡುವೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಇನ್ನೊಂದು, ಕೊಯಮತ್ತೂರನ್ನು ನಡುರಾತ್ರಿ ಮುಟ್ಟುವ ಗಾಡಿಗಳು. ಹತ್ತುವ ಸ್ಟೇಷನ್ನಿನಲ್ಲಿ ಗಾಡಿ 12.20ಕ್ಕೆ ಬರುವುದಾದರೆ ತಾರೀಕು ಬದಲಾಗಿರುತ್ತದೆ. 14ರ ರಾತ್ರಿ ಎಂದುಕೊಂಡು 14ಕ್ಕೆ ಬುಕ್ ಮಾಡಿದವರು ಒಂದು ದಿನ ತಡವಾಗಿ ಬಂದ ಹಾಗೆ. ಅವರ ಬರ್ತ್ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ಊಟಿಯ ಪುಟಾಣಿ ರೈಲು ಈ ವೃತ್ತದ ಹೊರಗೆ, ಅದಕ್ಕೆ ಬೇರೆಯೇ ಟಿಕೆಟ್. ಮೆಟ್ಟುಪಾಳಯದಿಂದ ಬೆಳಿಗ್ಗೆ 7.10ಕ್ಕೆ ಹೊರಡುತ್ತದೆ, 46 ಕಿ.ಮೀ.ಗೆ ಹತ್ತಿರ ಹತ್ತಿರ ಐದು ಗಂಟೆ. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವಿನ ಹಲ್ಲುಪಟ್ಟಿಗೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರುತ್ತದೆ. ಕೊಯಮತ್ತೂರಿನಲ್ಲಿ ತಂಗಿದವರು ಐದೂವರೆಗೇ ಟ್ಯಾಕ್ಸಿ ಹಿಡಿಯಬೇಕು. ಅಕ್ಟೋಬರ್–ಡಿಸೆಂಬರಿನ ಮಳೆಗೆ ಇದೂ ಆಗಾಗ ನಿಲ್ಲುತ್ತದೆ. ಊಟಿಯಿಂದ ನೇರ ಮೈಸೂರಿಗೆ ಇಳಿಯುವ ಆಸೆ ಬೇಡ: ಅಲ್ಲಿ ಹಳಿ ಇಲ್ಲ, ವೃತ್ತ ತುಂಡಾಗುತ್ತದೆ.

ತಂಗಲಿಕ್ಕೆ ರೈಲ್ವೆಯ ರಿಟೈರಿಂಗ್ ರೂಮು ಸಾಕು, ಕನ್ಫರ್ಮ್ ಅಥವಾ ಆರ್‌ಎಸಿ (ಬರ್ತ್ ಹಂಚಿಕೊಂಡು ಕೂರುವ) ಟಿಕೆಟಿನ ಪಿಎನ್‌ಆರ್ ನಂಬರ್ ಹಾಕಿ ಆನ್‌ಲೈನಿನಲ್ಲೇ ಹಿಡಿಯಬಹುದು. ಕ್ಲೋಕ್ ರೂಮಿನಲ್ಲಿ ಬೀಗ ಹಾಕದ ಚೀಲ ತೆಗೆದುಕೊಳ್ಳುವುದಿಲ್ಲ. ಜಿಪ್ಪಿಗೆ ಹಾಕುವ ಸಣ್ಣ ಬೀಗ ಮನೆಯಿಂದಲೇ ತನ್ನಿ, ಸ್ಟೇಷನ್ ಎದುರಿನ ಅಂಗಡಿಯಲ್ಲಿ ಅದಕ್ಕೆ ಚಿನ್ನದ ಬೆಲೆ.

ಕಾರಿಗೆ ಹೋಲಿಸಿದರೆ? 1200 ಕಿ.ಮೀ.ಗೆ ಲೀಟರಿಗೆ 15 ಕೊಡುವ ಕಾರಿಗೆ 80 ಲೀಟರ್, ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ 8000, ಮೇಲೆ ಟೋಲ್. ನಾಲ್ಕು ಜನರಿದ್ದರೆ ಕಾರು ದುಬಾರಿಯೇನಲ್ಲ. ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿಯಾಗಿ ಮಡಿಕೇರಿ ನೋಡಬೇಕೆಂದರೆ ರೈಲೇ ಇಲ್ಲ, ಕಾರೇ ಬೇಕು. ಊಟಿಗೆ ಕಾರು ಹತ್ತಿಸುವುದಾದರೆ ನೀಲಗಿರಿಯ ಇ-ಪಾಸ್ (ವಾಹನಕ್ಕೆ ಆನ್‌ಲೈನಿನಲ್ಲಿ ಪಡೆಯುವ ಅನುಮತಿ) ಮೊದಲೇ ತೆಗೆಯಿರಿ. ಬಂಡೀಪುರದ ಕಾಡು ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ಗುಂಡ್ಲುಪೇಟೆಯಲ್ಲಿ ಊಟಕ್ಕೆ ಕೂತು ಹೊತ್ತು ಮಾಡಿದವರು ಆ ರಾತ್ರಿ ಅಲ್ಲೇ ರೂಮು ಹುಡುಕಬೇಕು.

ಕೊನೆಯ ತುಂಡಿಗೆ, ಕೋಝಿಕ್ಕೋಡ್–ಕಾಸರಗೋಡಿಗೆ, ಹಗಲು ಗಾಡಿಯ ಎಡಗಡೆಯ ಕಿಟಕಿ ಕೇಳಿ. ಕಡಲಿರುವುದು ಆ ಕಡೆ. ಮನೆ ಕಾಸರಗೋಡಿನ ಆಚೆ, ಕುಂಬಳೆಯಲ್ಲೋ ಉಪ್ಪಳದಲ್ಲೋ ಇದ್ದರೆ ಕಾಸರಗೋಡಿನಲ್ಲಿ ಇಳಿದು ಬೇರೆ ಟಿಕೆಟ್ ಮಾಡಬೇಕು. ವೃತ್ತ ಅಲ್ಲಿಗೆ ಮುಗಿಯಿತು, ಮುಂದಕ್ಕೆ ಕೂತರೆ ದಂಡ.