ಸಿಲಿಂಡರ್ ತೂಗಿ ನೋಡಿದ ಗ್ಯಾಸ್ ಗೀಸರ್

ದಾವಣಗೆರೆ ವಿದ್ಯಾನಗರದ ನಮ್ಮ ಮನೆಗೆ ಗ್ಯಾಸ್ ಗೀಸರ್ ಹಾಕಿಸಿ ಎರಡು ವರ್ಷ. ಈಚೆಗೆ ಸಿಲಿಂಡರ್ ಬೇಗ ಖಾಲಿ ಆಗ್ತಿದೆ ಅಂತ ಅತ್ತೆಗೆ ಅನುಮಾನ. ಸುಮ್ನೆ ವಾದ ಯಾಕೆ ಅಂತ ಪಕ್ಕದ ಕಿರಾಣಿ ಅಂಗಡಿಯಿಂದ ತೂಕದ ಯಂತ್ರ ತಂದು, ಸಿಲಿಂಡರ್ ತೂಗಿ, 15 ಲೀಟರಿನ ಬಕೆಟ್ಟನ್ನು ಹತ್ತು ಸಲ ತುಂಬಿಸಿ ಮತ್ತೆ ತೂಗಿದೆವು. 26 ಡಿಗ್ರಿ ನೀರು 42ಕ್ಕೆ ಏರಿತ್ತು, ಖರ್ಚಾದ ಗ್ಯಾಸ್ 310 ಗ್ರಾಂ. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಶಾಖ ಇರುತ್ತೆ. ಆ ಲೆಕ್ಕದಲ್ಲಿ ನೀರಿಗೆ ಸೇರಿದ್ದು ಶೇ. 70 ಮಾತ್ರ! ಬಿಚ್ಚಿಸಿ ನೋಡಿದರೆ ಬೋರ್ ನೀರಿನ ಬಿಳಿ ಪದರ ಕೊಳವೆಯೊಳಗೆ ಗಟ್ಟಿಯಾಗಿ ಕೂತಿತ್ತು, ಹೊರಗೆಲ್ಲ ಮಸಿ. ಕ್ಲೀನ್ ಮಾಡಿಸಿದ ಮೇಲೆ ಅಷ್ಟೇ ನೀರಿಗೆ 270 ಗ್ರಾಂ, ಅಂದ್ರೆ ಶೇ. 81. ಗೀಸರ್ ಒಳ್ಳೆಯದೇ, ಧೈರ್ಯವಾಗಿ ತಗೊಳ್ಳಿ. ಆದರೆ ಬಚ್ಚಲುಮನೆ ಒಳಗೆ ಮಾತ್ರ ಹಾಕಿಸಬೇಡಿ, ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲಕ್ಕೆ ವಾಸನೆಯೇ ಇಲ್ಲ. ನಮ್ಮದು ಹಿತ್ತಲ ಗೋಡೆ ಮೇಲಿದೆ.